ಹಾಲ್ಪ್ ಫೀರ್ ಅಂದರೆ ಮೂರೂವರೆ

ತಮ್ಮಾ, ಬರುವ ತಿಂಗಳು ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀಯ, ಜರ್ಮನ್‌ನ ಮೊದಲ ಹಂತ ಎ1 ಮುಗಿಸಿದ್ದೀಯ, ಆದರೂ ಫೋನಿನಲ್ಲಿ ಜರ್ಮನ್ ಅಂದರೆ ಕೈಕಾಲು ನಡುಗುತ್ತದೆ ಅಂತ ಬರೆದಿದ್ದೀಯ. ಯಾವ ವಾಕ್ಯ ಕಲಿತು ಬರಲಿ ಅನ್ನುವುದು ಪ್ರಶ್ನೆ. ಜೊತೆಗೆ ಅಕ್ಕಿ, ಚಳಿ, ಬಾಡಿಗೆ. ಅಕ್ಕಿ ಸಿಗುತ್ತದೆ, ಸೋನಾ ಮಸೂರಿಯೂ ಸಿಗುತ್ತದೆ. ಜಾಕೆಟ್ ಇಲ್ಲೇ ತಗೋ. ಬಾಡಿಗೆ ಜಾಸ್ತಿ, ಅದರ ಸುದ್ದಿ ಬಂದ ಮೇಲೆ ಮಾತಾಡೋಣ.

ಅಕ್ಕ ಅಂದೆಯಲ್ಲ, ಅದಕ್ಕೇ ನೀನು ಅಂತ ಬರೆಯುತ್ತಿದ್ದೇನೆ. ಇಲ್ಲಿಯವರ ಹತ್ತಿರ ಈ ಸಲಿಗೆ ಬೇಡ. ಅವರೇ 'ದೂ', ಅಂದರೆ ನೀನು, ಅನ್ನುವವರೆಗೆ 'ಜೀ', ಅಂದರೆ ನೀವು, ಅಂತಲೇ ಮಾತಾಡು.

ಇಲ್ಲಿ ಫೋನ್ ಎತ್ತಿದವರು ಎಷ್ಟೋ ಸಲ ಬರೀ ತಮ್ಮ ಮನೆತನದ ಹೆಸರು ಹೇಳಿ ಸುಮ್ಮನಾಗುತ್ತಾರೆ. ಬೈದರು ಅಂದುಕೊಳ್ಳಬೇಡ. ನೀನೂ ಮೊದಲು ಹೆಸರು ಹೇಳು, ಆಮೇಲೆ ವಿಷಯ. ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳುವುದಕ್ಕೆ 'ಇಶ್ ಹೆಟ್ಟೆ ಗೆರ್ನ್ ಐನೆನ್ ಟೆರ್ಮೀನ್'. ತಿಳಿಯದಿದ್ದರೆ 'ಬಿಟ್ಟೆ ಲಾಂಗ್ಸಾಮರ್', ಸ್ವಲ್ಪ ನಿಧಾನ ಅಂತ. ನಂಬರ್ ಬರೆದುಕೊಳ್ಳುವಾಗ ಹುಷಾರು. ಎಂಬತ್ತೇಳಕ್ಕೆ ಇವರು 'ಜೀಬೆನ್ ಉಂಟ್ ಆಖ್ಟ್‌ಸಿಶ್', ಅಂದರೆ ಏಳು ಮತ್ತು ಎಂಬತ್ತು ಅನ್ನುತ್ತಾರೆ. ನಾನು ಈಗಲೂ ಎಡಗಡೆ ಜಾಗ ಬಿಟ್ಟು ಮೊದಲು ಏಳು ಬರೆಯುತ್ತೇನೆ. 'ತ್ಸ್ವೋ' ಅಂದರೆ ಎರಡೇ. ಎರಡಕ್ಕೆ ಮಾಮೂಲಾಗಿ ಹೇಳುವ 'ತ್ಸ್ವೈ' ಮೂರು, ಅಂದರೆ 'ಡ್ರೈ' ಅಂತ ಕೇಳಿಸದಿರಲಿ ಅಂತ ಫೋನಿನಲ್ಲಿ ಹಾಗೆ ಹೇಳುತ್ತಾರೆ. ರಾತ್ರಿ ಜ್ವರ ಬಂದರೆ ಡಾಕ್ಟರಿಗೆ 116117, ಪ್ರಾಣಕ್ಕೆ ಬಂದರೆ 112. ಇವೆರಡನ್ನೂ ಇವತ್ತೇ ಫೋನಿಗೆ ಹಾಕಿಕೋ.

ಇನ್ನು ಗಂಟೆ. ನಾನು ಪೆಟ್ಟು ತಿಂದದ್ದು ಇಲ್ಲೇ.

2008ರಲ್ಲಿ ಬಂದ ಹೊಸತು. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ನಿಲ್ಲಿಸಿ, ಭಾನುವಾರ 'ಹಾಲ್ಪ್ ಫೀರ್'ಗೆ ಕಾಫಿಗೆ ಬಾ ಅಂದರು, ನಂಬರ್ ಇಸಿದುಕೊಂಡರು. ಹಾಲ್ಪ್ ಅರ್ಧ, ಫೀರ್ ನಾಲ್ಕು. ನಾಲ್ಕೂವರೆ ಅಲ್ವಾ ಅಂದುಕೊಂಡೆ. ನಾವು ಕಳೆದ ಗಂಟೆಗೆ ಅರ್ಧ ಸೇರಿಸುತ್ತೇವೆ. ಇವರು ಬರುವ ಗಂಟೆಯ ಅರ್ಧ ಲೆಕ್ಕ ಹಾಕುತ್ತಾರೆ. ಹಾಗಾಗಿ ಅದು ಮೂರೂವರೆ. ಈ ಕಡೆಯವರು 'ಡ್ರೈಫಿರ್ಟೆಲ್ ಫೀರ್' ಅಂತಲೂ ಅನ್ನುತ್ತಾರೆ, ಅದು ಮೂರೂಮುಕ್ಕಾಲು.

ಆ ದಿನ ಬರಿಗೈಲಿ ಹೋಗಬಾರದು ಅಂತ ನಿಪ್ಪಟ್ಟು ಕರಿಯುತ್ತಿದ್ದೆ. ಮೂರೂಮುಕ್ಕಾಲಿಗೆ ಫೋನ್ ಬಂತು. ಜರ್ಮನ್ ನಂಬರ್. ಎತ್ತಿದರೆ ಮಾತಾಡಬೇಕಲ್ಲ! ಸೌಟು ಹಿಡಿದು ಅದು ನಿಲ್ಲುವವರೆಗೂ ನೋಡುತ್ತಾ ನಿಂತೆ. ಮತ್ತೊಮ್ಮೆ ಬಂತು. ಆಗಲೂ ಎತ್ತಲಿಲ್ಲ.

ನಾಲ್ಕೂವರೆಗೆ ಡಬ್ಬಿ ಹಿಡಿದು ಇಳಿದೆ. ಮೇಜಿನ ಮೇಲೆ ಎರಡು ಬಟ್ಟಲು. ಒಂದು ಕುಡಿದಿಟ್ಟದ್ದು, ಇನ್ನೊಂದು ಮಗುಚಿಟ್ಟದ್ದು. ಅಜ್ಜಿ 'ಶಾಡೆ' ಅಂದರು, ನಮ್ಮಲ್ಲಿ ಛೇ ಅಂದ ಹಾಗೆ. ಕೇಕಿನ ಒಂದು ತುಂಡು ಹಾಳೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಒಳಗೆ ಬಾ ಅನ್ನಲಿಲ್ಲ. ನಮ್ಮ ಊರಲ್ಲಾದರೆ ತಡವಾಗಿ ಬಂದವರಿಗೂ ಇನ್ನೊಂದು ಲೋಟ ಕಾಫಿ ಆಗುತ್ತಿತ್ತು ಅಂತ ಬೇಜಾರಾಯಿತು. ಫೋನ್ ಮಾಡಿದ್ದು ಅವರೇ ಅಂತ ಹೊಳೆದಾಗ ಆ ಕೇಕು ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ಬೇಸಿಗೆಗೆ ಅವರು ಮಗಳ ಊರಿಗೆ ಹೋದರು. ನಂಬರ್ ನನ್ನ ಹತ್ತಿರ ಇತ್ತು. ಭಾಷೆ ಚೆನ್ನಾಗಿ ಬಂದ ಮೇಲೂ ನಾನು ಫೋನ್ ಮಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಗಂಟೆ ಹೇಳಿದ ಕೂಡಲೇ 'ಆಲ್ಸೋ ಫ್ಯುಂಫ್‌ತ್ಸೇನ್ ಊರ್ ಡ್ರೈಸಿಶ್?' ಅಂತ ತಿರುಗಿ ಕೇಳು. 15:30 ತಾನೇ ಅಂತ. ಹತ್ತು ನಿಮಿಷ ತಡವಾದರೂ ಫೋನ್ ಮಾಡಿ 'ಇಶ್ ಫೆರ್‌ಷ್ಪೇಟೆ ಮಿಶ್' ಅನ್ನು. ಹೋಗಲು ಮನಸ್ಸಿಲ್ಲದಿದ್ದರೆ 'ನೋಡೋಣ' ಅನ್ನಬೇಡ, ಇವರು ನಿಜವಾಗಿ ಕಾಯುತ್ತಾರೆ. ಫೋನ್ ಇಡುವಾಗ 'ಔಫ್ ವೀಡರ್‌ಹೋರೆನ್'.

ಬಂದಿಳಿದ ಮೇಲೆ ನನಗೊಂದು ಫೋನ್ ಮಾಡು. ಮೊದಲ ಐದು ನಿಮಿಷ ಜರ್ಮನ್, ಆಮೇಲೆ ಕನ್ನಡ. ಊರಿಂದ ಬರುವಾಗ ಒಂದು ಪೊಟ್ಟಣ ನಿಪ್ಪಟ್ಟು ತಂದರೆ ಬೇಡ ಅನ್ನುವುದಿಲ್ಲ.