ಬೆಟ್ಟ, ಕಾಡು, ದ್ರಾಕ್ಷಿ ತೋಟಗಳ ನಡುವೆ ವಾಹನಗಳ ಕಾಟವಿಲ್ಲದೆ ಸೈಕಲ್ ತುಳಿಯಲು ನಮ್ಮ ಕಡೆ ದಾರಿ ಇದೆಯಾ?

ನೀವು ಬೆಳಗಾವಿಯಲ್ಲಿದ್ದೀರಿ, ಹೊಸ ಗ್ರಾವೆಲ್ ಬೈಕ್, ಅಂದರೆ ಮಣ್ಣು, ಜಲ್ಲಿ ದಾರಿಯಲ್ಲೂ ಓಡುವ ಅಗಲ ಟೈರಿನ ಸೈಕಲ್ ತೊಗೊಂಡಿದ್ದೀರಿ. ಇಟಲಿಯ ವಿಡಿಯೊಗಳಲ್ಲಿ ಕಾಣುವಂಥ ದಾರಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಆದರೆ ಮೂರೂ ಒಂದೇ ಸವಾರಿಯಲ್ಲಿ ಸಿಗುವುದಿಲ್ಲ. ಕಾಡು ಖಾನಾಪುರದ ಕಡೆ, ಬೆಟ್ಟ ಬಾದಾಮಿ ಕಡೆ, ದ್ರಾಕ್ಷಿ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಒಂದೊಂದು ಕಡೆ ಒಂದೊಂದು ಮಣ್ಣು. ಹಾಗಾಗಿ ದಾರಿ ಆರಿಸುವಾಗ ಕಿಲೋಮೀಟರ್ ಆಮೇಲೆ ನೋಡಿ, ಮೊದಲು ಮಣ್ಣು ನೋಡಿ.

ಇಟಲಿಯ ಮಾತು ಬಂತಲ್ಲ, ಅಲ್ಲಿನ ಟಸ್ಕನಿಯ ಬಿಳಿ ಮಣ್ಣಿನ ರಸ್ತೆಗಳೂ ರೈತರು ತೋಟಕ್ಕೆ ಓಡಾಡುವ ದಾರಿಗಳೇ. 1997ರಲ್ಲಿ ಅಲ್ಲಿ ಎರೋಯಿಕಾ ಅನ್ನುವ ಸೈಕಲ್ ಸವಾರಿ ಶುರುವಾಗಿದ್ದರ ಹಿಂದೆ, ಆ ರಸ್ತೆಗಳಿಗೆ ಡಾಂಬರು ಬೀಳದಂತೆ ಉಳಿಸಬೇಕು ಅನ್ನುವ ಆಸೆಯೂ ಇತ್ತು. ನಮ್ಮಲ್ಲಿ ಅದಕ್ಕೆ ಸಮನಾದದ್ದು ಚಕ್ಕಡಿ ದಾರಿ, ಮತ್ತೆ ಕಾಲುವೆ ಪಕ್ಕದ ಗರಸು ರಸ್ತೆ, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನ ರಸ್ತೆ. ಇವೆರಡನ್ನು ಹುಡುಕುವುದು ಕಲಿತರೆ ಸಾಕು, ಹೆದ್ದಾರಿಯ ಹಂಗೇ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟ ದ್ರಾಕ್ಷಿ ಸೀಮೆ. ತಿಕೋಟಾ, ಬಾಬಾನಗರ, ಬಿಜ್ಜರಗಿ, ಹೊನವಾಡ, ಕನಮಡಿ: ಈ ಊರುಗಳ ನಡುವೆ ಎಷ್ಟು ಸುತ್ತಿದರೂ ಬೇಸರ ಬರುವುದಿಲ್ಲ. ದ್ರಾಕ್ಷಿಯ ಬೇರಿನಲ್ಲಿ ನೀರು ನಿಲ್ಲಬಾರದು, ಬಸಿದು ಹೋಗಬೇಕು. ಅದಕ್ಕೇ ಇಲ್ಲಿ ಎಷ್ಟೋ ತೋಟಗಳು ಗರಸು ನೆಲದ ದಿಣ್ಣೆಗಳ ಮೇಲಿವೆ. ಬಳ್ಳಿಗೆ ಒಗ್ಗುವ ಆ ನೆಲವೇ ನಮ್ಮ ಟೈರಿಗೂ ಒಗ್ಗುತ್ತದೆ. ಗಟ್ಟಿ, ಸ್ವಲ್ಪ ಒರಟು, ಮಳೆ ಬಂದರೂ ಬೇಗ ಒಣಗುತ್ತದೆ. ದಿಣ್ಣೆ ಇಳಿದು ಡೋಣಿ ನದಿಯ ಕಡೆ ಹೋದರೆ ಕಥೆಯೇ ಬೇರೆ. ಅದು ಪೂರ್ತಿ ಎರೆ ಭೂಮಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ. ಜೋಳಕ್ಕೆ ಬಂಗಾರದಂಥ ಆ ಮಣ್ಣು ಹಸಿಯಾದರೆ ಮಾತ್ರ ಚಕ್ರ ತಿರುಗಲು ಬಿಡುವುದಿಲ್ಲ. ಬ್ರೇಕಿಗೆ, ಫೋರ್ಕಿಗೆ ಮೆತ್ತಿಕೊಂಡು ಸೈಕಲ್ ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ಎರೆ ಹೊಲದ ದಾರಿಗೆ ಇಳಿಯುವುದಾದರೆ ಮಡ್‌ಗಾರ್ಡ್ ತೆಗೆದಿಡಿ. ಮಳೆ ಬಿದ್ದ ಮೇಲೆ ಕೆಲವು ದಿನ ಆ ಕಡೆ ಹೋಗಲೇಬೇಡಿ.

ತೋಟ ನೋಡಲು ಯಾವಾಗ ಹೋಗಬೇಕು ಅಂದರೆ, ಬಳ್ಳಿಯ ಲೆಕ್ಕ ತಿಳಿದಿರಬೇಕು. ಇಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಕೊಂಬೆ ಸವರುತ್ತಾರೆ. ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಇನ್ನೊಂದು. ಅಕ್ಟೋಬರ್‌ನಲ್ಲಿ ಹೋದರೆ ಬೋಳು ಕಡ್ಡಿಗಳೇ ಕಾಣುತ್ತವೆ. ಡಿಸೆಂಬರ್‌ಗೆ ಚಪ್ಪರ ಹಸಿರಾಗಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಗೊಂಚಲು ತೂಗುತ್ತವೆ, ಒಣದ್ರಾಕ್ಷಿ ಶೆಡ್‌ಗಳಲ್ಲಿ ಕೆಲಸ ಜೋರಾಗುತ್ತದೆ. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ನೆರಳು ಬಲೆಯ ಕೆಳಗೆ ಸಾಲು ಸಾಲು ಜಾಲರಿಗಳ ಮೇಲೆ ಸುಮಾರು ಎರಡು ವಾರ ಒಣಗಿಸುತ್ತಾರೆ. ಬಾಯಾರಿ ಬಂದಾಗ ದಾರಿ ಪಕ್ಕದ ಗೊಂಚಲಿಗೆ ಕೈ ಹಾಕಬೇಡಿ. ಕೇಳದೆ ಕೀಳುವುದು ತಪ್ಪು, ಮೇಲಾಗಿ ಬಳ್ಳಿಗೆ ಔಷಧಿ ಹೊಡೆದಿರುತ್ತಾರೆ. ಶೆಡ್ ಹತ್ತಿರ ನಿಂತು "ಯಣ್ಣಾ, ಒಂದ್ ಕಿಲೋ ಕೊಡ್ರಿ" ಅನ್ನಿ. ದುಡ್ಡು ತೊಗೊಳ್ಳಲು ಒಪ್ಪಿಸುವುದೇ ಕಷ್ಟ ಆಗಬಹುದು.

ಎಳ್ಳ ಅಮಾವಾಸ್ಯೆ ದಿನ ಈ ಕಡೆ ಸೈಕಲ್ ತುಳಿದರೆ ಊಟ ಕಟ್ಟಿಕೊಂಡು ಹೋಗಬೇಡಿ. ಎಲ್ಲರೂ ಹೊಲದಲ್ಲೇ ಇರುತ್ತಾರೆ. ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆಯನ್ನು ಹೊಲದ ತುಂಬ ಚೆಲ್ಲಿ, ಊಟಕ್ಕೆ ಕೂತವರು ದಾರಿಹೋಕರನ್ನೂ ಕರೆಯದೆ ಬಿಡುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಪಲ್ಯ ಹೊಟ್ಟೆಗಿಳಿದ ಮೇಲೆ ಮತ್ತೆ ಪೆಡಲ್ ತುಳಿಯಲು ಮನಸ್ಸು ಬರುವುದಿಲ್ಲ, ಅಷ್ಟೇ.

ಏತ ನೀರಾವರಿ ಬಂದ ಮೇಲೆ ಬಬಲೇಶ್ವರ, ತಿಕೋಟಾ ಭಾಗದಲ್ಲಿ ಕಾಲುವೆಗಳು ಹೆಚ್ಚಾದವು. ಒಂದು ಕಾಲಕ್ಕೆ ಬರಗಾಲದಲ್ಲಿ ಟ್ಯಾಂಕರ್ ನೀರು ತಂದು ಬಳ್ಳಿ ಉಳಿಸಿಕೊಂಡ ಸೀಮೆ ಇದು. ಕಾಲುವೆ ಪಕ್ಕದ ರಸ್ತೆ ಹೆಚ್ಚುಕಡಿಮೆ ಸಮತಟ್ಟು, ಎದುರಿಗೆ ಬರುವುದು ಒಂದೋ ಎರಡೋ ಬೈಕು. ಆದರೆ ಅಂಚಿನಿಂದ ದೂರ ಇರಿ. ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ತುಂಬಿ ಹರಿಯುವಾಗ ಬಿದ್ದರೆ ಈಜು ಬಂದವರಿಗೂ ಮೇಲೆ ಹತ್ತುವುದು ಕಷ್ಟ. ಮಬ್ಬು ಬೆಳಕಿನಲ್ಲಿ ಅಲ್ಲಿ ಓಡಿಸಲೇಬೇಡಿ. ಮಮದಾಪುರದ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ ಈ ಭಾಗದಲ್ಲೇ ಇದೆ, ಏರಿಯ ಮೇಲೆ ಬುತ್ತಿ ಬಿಚ್ಚಲು ಒಳ್ಳೆಯ ಜಾಗ.

ಬಾದಾಮಿ ಕಡೆ ಮರಳುಗಲ್ಲಿನ ಕೆಂಪು ಬೆಟ್ಟಗಳು. ಬಾದಾಮಿಯಿಂದ ಮಹಾಕೂಟ, ಶಿವಯೋಗಮಂದಿರ ನೋಡಿಕೊಂಡು ಪಟ್ಟದಕಲ್ಲಿಗೆ ಹೋಗಿ. ನೇರ ರಸ್ತೆಯಲ್ಲಿ 22 ಕಿ.ಮೀ. ಆಸುಪಾಸು, ಬೆಟ್ಟದ ಬುಡದ ಹೊಲದ ದಾರಿ ಹಿಡಿದರೆ ಜಾಸ್ತಿ ಆಗುತ್ತದೆ. ಕಲ್ಲು ಸವೆದು ಆದ ನುಣ್ಣನೆ ಮರಳು ಕೆಲವು ಕಡೆ ಚಕ್ರ ಹೂಳುವಷ್ಟು ಇರುತ್ತದೆ. ಅಲ್ಲಿ ಗಾಳಿ ಸ್ವಲ್ಪ ಇಳಿಸಿ, ಹ್ಯಾಂಡಲ್ ಬಿಗಿ ಹಿಡಿಯದೆ, ಪೆಡಲ್ ನಿಲ್ಲಿಸದೆ ತುಳಿಯಿರಿ. ಬಾದಾಮಿ ಮತ್ತು ವಿಜಯಪುರ ಒಂದೇ ರೈಲು ಮಾರ್ಗದಲ್ಲಿವೆ. ಹಾಗಾಗಿ ಎರಡನ್ನೂ ಒಟ್ಟಿಗೆ ಸೇರಿಸಿಕೊಳ್ಳಬಹುದು.

ಇನ್ನು ಕಾಡು. ನಿಮಗೆ ಹತ್ತಿರದ್ದು ಅದೇ, ಆದರೆ ಹುಷಾರಾಗಿರಬೇಕಾದದ್ದೂ ಅಲ್ಲೇ. ಜಾಂಬೋಟಿ, ಕಣಕುಂಬಿ, ಚೋರ್ಲಾ ಮೇಲಿನ ಗೋವಾ ರಸ್ತೆ ವಾರದ ಕೊನೆಗೆ ಕಾರುಗಳಿಂದ ತುಂಬಿರುತ್ತದೆ, ಅದನ್ನು ಬಿಟ್ಟುಬಿಡಿ. ಖಾನಾಪುರ ಸುತ್ತಲಿನ ಹಳ್ಳಿಗಳ ನಡುವಿನ ಕೆಂಪು ದಾರಿಗಳನ್ನು ಹಿಡಿಯಿರಿ. ಜಂಬಿಟ್ಟಿಗೆ ಮಣ್ಣಿನ ಸಣ್ಣ ಹರಳುಗಳು ಇಳಿಜಾರಿನಲ್ಲಿ ಗೋಲಿಗಳ ಹಾಗೆ ಉರುಳುತ್ತವೆ, ಮುಂದಿನ ಬ್ರೇಕ್ ಗಟ್ಟಿ ಒತ್ತಬೇಡಿ. ಭೀಮಗಡ 2011ರಿಂದ ವನ್ಯಜೀವಿಧಾಮ. ಒಳಗಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಆ ಕಡೆ ಕರಡಿಗಳಿವೆ, ಬೆಳಗಿನ ಜಾವ, ಸಂಜೆ ಬೇಡವೇ ಬೇಡ. ಮಳೆಗಾಲವೂ ಬೇಡ, ರಾಜ್ಯದಲ್ಲೇ ಜಾಸ್ತಿ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಪಟ್ಟದಕಲ್ಲಿನ ಪಕ್ಕ ಹರಿಯುವ ಮಲಪ್ರಭೆ ಹುಟ್ಟುವುದು ಇದೇ ಕಣಕುಂಬಿಯಲ್ಲಿ. ನದಿಯನ್ನು ಎರಡೂ ಕಡೆ ನೋಡಿದರೆ ಅದೇ ನೀರು ಅಂತ ನಂಬಲು ಆಗುವುದಿಲ್ಲ.

ಜಮಖಂಡಿ, ಮುಧೋಳ, ಅಥಣಿ ಕಡೆ ಹೋಗುವುದಾದರೆ ಕಬ್ಬಿನ ಹಂಗಾಮು ತಪ್ಪಿಸಿ. ನವೆಂಬರ್‌ನಿಂದ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಸಣ್ಣ ರಸ್ತೆಗಳನ್ನೂ ಬಿಡುವುದಿಲ್ಲ.

ಮುಳ್ಳಿನ ವಿಷಯ ಹೇಳಲೇಬೇಕು. ಜಾಲಿ ಮುಳ್ಳು ಕಣ್ಣಿಗೆ ಕಾಣುತ್ತದೆ, ನೆಗ್ಗಿನ ಮುಳ್ಳು ಕಾಣುವುದಿಲ್ಲ. ಹೊಲದ ಬದುವಿನಲ್ಲಿ ಸೈಕಲ್ ಮಲಗಿಸಿದರೆ ಸಾಕು, ಹತ್ತು ಕಡೆ ಚುಚ್ಚಿರುತ್ತದೆ. ಟ್ಯೂಬ್‌ಲೆಸ್ ಮಾಡಿಸಿ, ಸಣ್ಣ ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕಿಸಿ, ಒಂದು ಟ್ಯೂಬ್ ಚೀಲದಲ್ಲಿ ಇರಲಿ. ಕುರಿಗಾರರ ನಾಯಿಗಳು ಬೆನ್ನು ಹತ್ತಿದರೆ ಓಡಬೇಡಿ. ಇಳಿದು ಸೈಕಲ್ ಅಡ್ಡ ಹಿಡಿದು ನಿಂತರೆ ಅವೇ ತಣ್ಣಗಾಗುತ್ತವೆ.

ನಿಮ್ಮ ಟೈರಿನ ಅಗಲ ನೀವು ಬರೆದಿಲ್ಲ. 40 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಮೂರೂ ಕಡೆ ಹೋಗಬಹುದು. ಅದಕ್ಕಿಂತ ಕಡಿಮೆ ಇದ್ದರೆ ಬಾದಾಮಿಯ ಮರಳು ದಾರಿ ಸದ್ಯ ಬಿಡಿ, ಜನವರಿಯಲ್ಲಿ ತಿಕೋಟಾದಿಂದ ಶುರು ಮಾಡಿ.