ಹಗಲು ಕ್ಲೈಂಟಿಗೆ, ರಾತ್ರಿ ವೆಬ್‌ಸೈಟಿಗೆ: ಒಂದು ಆಪ್ತಸಲಹೆ ಪ್ರಕರಣ

ಸ್ವಂತವಾಗಿ ದುಡಿಯುವ ಎಡಿಟರ್‌ಗಳು, ಡಿಸೈನರ್‌ಗಳು, ಆನಿಮೇಟರ್‌ಗಳು ಆಪ್ತಸಲಹೆಗೆ ಬಂದಾಗ ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತಾರೆ. ಹೊಟ್ಟೆಪಾಡಿಗೆ ಒಂದು ಕೆಲಸ, ಮನಸ್ಸಿಗೆ ಇನ್ನೊಂದು. ಎರಡಕ್ಕೂ ಅದೇ ಕುರ್ಚಿ, ಅದೇ ಕಂಪ್ಯೂಟರ್, ಅದೇ ಎರಡು ಕಣ್ಣು. ನಿದ್ದೆ ಕೆಟ್ಟಾಗ ಮನೆಯವರು, ಸ್ನೇಹಿತರು, ಕೆಲವೊಮ್ಮೆ ಸಲಹೆಗಾರರೂ ಹೇಳುವ ಮೊದಲ ಮಾತು ‘ಮನಸ್ಸಿನ ಕೆಲಸ ನಿಲ್ಲಿಸಿಬಿಡಿ’ ಎಂಬುದು. ಆ ಸಲಹೆಯನ್ನು ನಾನು ಕೊಡುವುದಿಲ್ಲ. ಯಾಕೆಂದು ಈ ಪ್ರಕರಣದಿಂದ ತಿಳಿದೀತು. ಗುರುತು ಹತ್ತದಂತೆ ಮೊತ್ತ, ವಿವರಗಳನ್ನು ಅಷ್ಟಿಷ್ಟು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರಿಗೆ ಮೂವತ್ತೈದರ ಆಸುಪಾಸು. ಆರು ವರ್ಷದಿಂದ ಮೋಷನ್ ಗ್ರಾಫಿಕ್ಸ್ ಫ್ರೀಲ್ಯಾನ್ಸ್ ಮಾಡುತ್ತಿದ್ದಾರೆ: ಅಂಗಡಿಗಳ ಜಾಹೀರಾತು, ಲೋಗೊ ಆನಿಮೇಷನ್, ಮೂವತ್ತು ಸೆಕೆಂಡಿನ ವಿವರಣೆ ವಿಡಿಯೊಗಳು. ಜೊತೆಗೆ, ಚಿತ್ರ, ಅಕ್ಷರಗಳಿಗೆ ಚಲನೆ ಕೊಡುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರನ್ನು ಕನ್ನಡದಲ್ಲೇ ಕಲಿಸುವ ವೆಬ್‌ಸೈಟು, ಅದರಲ್ಲಿ 58 ಪಾಠಗಳು. ಮಲಗುವುದು ರಾತ್ರಿ ಮೂರಕ್ಕೆ. ಎರಡು ತಿಂಗಳಲ್ಲಿ ಎರಡು ಡೆಡ್‌ಲೈನ್ ತಪ್ಪಿತ್ತು. ಕರೆತಂದವರು ಹೆಂಡತಿ. ಅವರ ದೂರು ಇಷ್ಟೇ: “ಊಟಕ್ಕೆ ಕರೆದ್ರೆ ‘ರೆಂಡರ್ ಆಗ್ತಿದೆ’ ಅಂತಾರೆ ಮೇಡಂ. ರೆಂಡರ್ ಮಾಡೋದು ಕಂಪ್ಯೂಟರ್ ತಾನೆ? ಇವರು ಯಾಕೆ ಅದರ ಮುಂದೆ ಕೂತಿರಬೇಕು?”

ರೆಂಡರ್ ಎಂದರೆ ಕಟ್ಟಿದ ದೃಶ್ಯಗಳನ್ನು ಕಂಪ್ಯೂಟರ್ ಅಂತಿಮ ವಿಡಿಯೊ ಮಾಡಿಕೊಡುವುದು. ಹೆಂಡತಿಯ ಈ ಪ್ರಶ್ನೆಯನ್ನು ನಾನು ಬರೆದಿಟ್ಟುಕೊಂಡೆ. ಮುಂದೆ ಅದು ಉಪಯೋಗಕ್ಕೆ ಬಂತು.

ಮೊದಲ ಭೇಟಿಯಲ್ಲಿ ಕೇಳಬೇಕಾದ್ದನ್ನು ಕೇಳಿದೆ: ಹಸಿವು, ತೂಕ, ಬೆಳಗಿನ ಹೊತ್ತಿನ ಮನಸ್ಥಿತಿ, ಸಾಯುವ ಯೋಚನೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಮನೋವೈದ್ಯರ ಬಳಿ ಕಳಿಸದೆ ಮುಂದಿನ ಮಾತು ಆಡುತ್ತಿರಲಿಲ್ಲ. ಎರಡು ವಾರಕ್ಕೂ ಹೆಚ್ಚು ಮಂಕು ಕವಿದಿದ್ದರೆ ಅಥವಾ ಬದುಕು ಸಾಕೆನಿಸಿದ್ದರೆ ಓದುಗರು ಇಲ್ಲಿಗೇ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.

ಅವರಿಗೆ ಕೊಟ್ಟ ಮೊದಲ ಮನೆಗೆಲಸ ಒಂದು ಗೆರೆ ನೋಟ್‌ಬುಕ್. ಹದಿನಾಲ್ಕು ದಿನ, ಅರ್ಧ ಗಂಟೆಗೊಂದು ಸಾಲು, ಆಗ ಏನು ಮಾಡಿದರೆಂದು ಒಂದೆರಡು ಪದ. ಮೊಬೈಲ್ ಆ್ಯಪ್ ಬೇಡವೆಂದೆ. ಆ್ಯಪ್ ತೆರೆಯಲು ಕೈಗೆತ್ತಿಕೊಂಡ ಮೊಬೈಲಿನಲ್ಲಿ ವೆಬ್‌ಸೈಟಿನ ಕಾಮೆಂಟೂ ಕಣ್ಣಿಗೆ ಬೀಳುತ್ತದೆ.

ಮೂರನೆಯ ಭೇಟಿಗೆ ನೋಟ್‌ಬುಕ್ ತಂದರು. ಒಂಬತ್ತನೆಯ ದಿನದ ಪುಟದಲ್ಲಿ ರಾತ್ರಿ 10:30ರಿಂದ 1:00ರವರೆಗಿನ ಐದು ಸಾಲುಗಳಿಗೂ ಸೇರಿಸಿ ಒಂದೇ ಪದ: ‘ವಿಗಲ್’. ಕೆಳಗೆ ಮರುದಿನದ ಸಾಲು: ‘ಡೆಲಿವರಿ 10ಕ್ಕೆ ಇತ್ತು, ಕೊಟ್ಟಿದ್ದು 1ಕ್ಕೆ.’

ಏನಾಯಿತೆಂದು ಕೇಳಿದೆ. ಒಬ್ಬ ಹುಡುಗ ಕಾಮೆಂಟಿನಲ್ಲಿ ಪ್ರಶ್ನೆ ಹಾಕಿದ್ದ. ವಿಗಲ್ ಎಕ್ಸ್‌ಪ್ರೆಷನ್ (ಚಿತ್ರವನ್ನು ತಾನಾಗಿ ಅಲುಗಾಡಿಸುವ ಪುಟ್ಟ ಕೋಡ್) ಅನ್ನು ಪೊಸಿಷನ್‌ಗೆ, ಅಂದರೆ ಚಿತ್ರ ಇರುವ ಜಾಗಕ್ಕೆ, ಹಾಕಿದರೆ ಚಿತ್ರ ಚೆನ್ನಾಗಿ ನಡುಗುತ್ತದೆ, ಸ್ಕೇಲ್‌ಗೆ, ಅಂದರೆ ಗಾತ್ರಕ್ಕೆ, ಹಾಕಿದರೆ ಅಡ್ಡಡ್ಡ ಉದ್ದುದ್ದ ಎಳೆದಂತಾಗುತ್ತದೆ, ಯಾಕೆ ಅಂತ. ವಿಗಲ್ ಅಗಲಕ್ಕೊಂದು, ಎತ್ತರಕ್ಕೊಂದು ಬೇರೆ ಬೇರೆ ಸಂಖ್ಯೆ ಕೊಡುತ್ತದೆ. ಬಂದ ಮೊದಲ ಸಂಖ್ಯೆಯನ್ನೇ ಎರಡು ಕಡೆಗೂ ಹಾಕಿದರೆ ಆಕಾರ ಕೆಡುವುದಿಲ್ಲ. ಎರಡು ಸಾಲಿನ ಉತ್ತರ. ಇವರು ಅದಕ್ಕಾಗಿ ಪ್ರಾಜೆಕ್ಟ್ ಫೈಲ್ ಕಟ್ಟಿ, ನಾಲ್ಕು ನಿಮಿಷದ ವಿಡಿಯೊ ರೆಕಾರ್ಡ್ ಮಾಡಿ, ಎಡಿಟ್ ಮಾಡಿ, ಹಾಕಿ ಮಲಗಿದ್ದರು.

“ಬೆಳಿಗ್ಗೆ ಉತ್ತರ ಕೊಟ್ಟಿದ್ರೆ ಏನಾಗ್ತಿತ್ತು?” ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. ನೋಟ್‌ಬುಕ್ಕಿನ ಮೂಲೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. ಆಮೇಲೆ: “ಅವನು ‘ಸಾರ್’ ಅಂತ ಬರೆದಿದ್ದ ಮೇಡಂ. ಬೆಳಿಗ್ಗೆ ಡೆಲಿವರಿ ಕೊಡಬೇಕಿತ್ತಲ್ಲ, ಆ ಕ್ಲೈಂಟು ನಾಲ್ಕು ವರ್ಷದಿಂದ ಮೇಲ್ ಕಳಿಸ್ತಿದಾರೆ. ಇವತ್ತಿನವರೆಗೂ ನನ್ನ ಹೆಸರು ಸರಿಯಾಗಿ ಬರೆದಿಲ್ಲ.”

ಈ ಪ್ರಕರಣ ತಿರುಗಿದ್ದು ಈ ಮಾತಿನಿಂದ. ಹೊರಗಿನವರ ಕಣ್ಣಿಗೆ ಅವರು ರಾತ್ರಿ ಮಾಡುತ್ತಿದ್ದುದು ಹವ್ಯಾಸದಂತೆಯೋ ಚಟದಂತೆಯೋ ಕಂಡಿರಬಹುದು. ಹಗಲಿನ ದುಡಿಮೆಯಲ್ಲಿ ಸಿಗದ ಗೌರವದ ಬಾಕಿಯನ್ನು ಅವರು ರಾತ್ರಿ ವಸೂಲು ಮಾಡುತ್ತಿದ್ದರು. ವೆಬ್‌ಸೈಟು ಮುಚ್ಚಿಸಿದ್ದರೆ ನಿದ್ದೆಯೇನೋ ಒಂದು ತಿಂಗಳು ಸುಧಾರಿಸುತ್ತಿತ್ತು, ಆದರೆ ಆ ಬಾಕಿ ಹಾಗೇ ಉಳಿಯುತ್ತಿತ್ತು. ಮೆಚ್ಚಿದ ಕೆಲಸ ಬಿಟ್ಟು ‘ಸರಿಹೋದ’ವರು ಆರು ತಿಂಗಳ ನಂತರ ಇನ್ನೂ ಕುಗ್ಗಿ ಬಂದದ್ದನ್ನು ಈ ಕುರ್ಚಿಯಲ್ಲಿ ಕೂತು ನೋಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನಾನು ಗಟ್ಟಿಯಾಗಿದ್ದೇನೆ.

ಆಮೇಲೆ ಲೆಕ್ಕ ಹಾಕಿದೆವು. ಸಲಹೆಗಾರರು ಮನಸ್ಸಿನ ಮಾತು ಕೇಳಬೇಕೇ ಹೊರತು ಲೆಕ್ಕದ ಪುಸ್ತಕ ಬಿಚ್ಚಬಾರದು ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ. ಆದರೂ ತಿಂಗಳ ಸಂಬಳವಿಲ್ಲದವರ ಆತಂಕದಲ್ಲಿ ಎಷ್ಟು ಪಾಲು ಭಯ, ಎಷ್ಟು ಪಾಲು ನಿಜವಾದ ಕೊರತೆ ಎಂದು ಬಿಡಿಸದೆ ಧೈರ್ಯ ಹೇಳುವುದು ಪ್ರಾಮಾಣಿಕವಲ್ಲ ಎಂಬುದು ನನ್ನ ನಿಲುವು.

ಹನ್ನೆರಡು ನಿಮಿಷದ ಒಂದು ಪಾಠಕ್ಕೆ ಪ್ರಾಜೆಕ್ಟ್ ಕಟ್ಟಲು 5 ಗಂಟೆ, ಮಾತು ಬರೆದುಕೊಳ್ಳಲು 2, ರೆಕಾರ್ಡಿಂಗ್ 3, ಎಡಿಟಿಂಗ್ 4, ಚಿತ್ರಗಳ ಸಮೇತ ಪುಟ ಬರೆಯಲು 2, ಡೌನ್‌ಲೋಡ್ ಫೈಲ್ ಶುಚಿ ಮಾಡಲು ಒಂದೂವರೆ, ಆಮೇಲೆ ಬರುವ ಪ್ರಶ್ನೆಗಳಿಗೆ 4. ಒಟ್ಟು 21.5 ಗಂಟೆ. ತಿಂಗಳಿಗೆ ಎರಡು ಪಾಠ, ಮೇಲೆ ವೆಬ್‌ಸೈಟಿನ ಉಳಿದ ಚಾಕರಿ 12 ಗಂಟೆ, ಅಂದರೆ 55. ಜಾಹೀರಾತು, ಟೆಂಪ್ಲೇಟ್ ಮಾರಾಟ ಸೇರಿ ತಿಂಗಳ ಆದಾಯ ₹6,200. ಗಂಟೆಗೆ ₹113. ಕ್ಲೈಂಟ್ ಕೆಲಸದಲ್ಲಿ ₹18,000ದ ಒಂದು ಜಾಹೀರಾತಿಗೆ 40 ಗಂಟೆ, ಗಂಟೆಗೆ ₹450.

ಈ ಎರಡು ಅಂಕಿ ನೋಡಿ ಅವರ ಮುಖ ಬಾಡಿತು. ಇಲ್ಲಿಗೆ ನಿಲ್ಲಿಸಿದ್ದರೆ ಲೆಕ್ಕವೇ ಸುಳ್ಳು ಹೇಳುತ್ತಿತ್ತು. ಹಿಂದಿನ ವರ್ಷದ ಒಂಬತ್ತು ಕ್ಲೈಂಟುಗಳು ಹೇಗೆ ಬಂದರೆಂದು ಒಬ್ಬೊಬ್ಬರದೇ ಬರೆಸಿದೆ. ಮೂವರು ಪಾಠ ನೋಡಿ ಬಂದವರು. ಆ ಮೂವರ ಬಿಲ್ಲು ₹1,62,000. ದುಡಿದದ್ದಕ್ಕೆ ಬಂದ ದುಡ್ಡು ಅದು, ಪೂರ್ತಿ ವೆಬ್‌ಸೈಟಿನ ಖಾತೆಗೆ ಹಾಕುವಂತಿಲ್ಲ. ಆದರೆ ಆ ಮೂವರೂ ಚೌಕಾಸಿ ಮಾಡಿರಲಿಲ್ಲ, ಅಡ್ವಾನ್ಸ್ ಕೇಳುವ ಮೊದಲೇ ಕೊಟ್ಟಿದ್ದರು, ಇವರನ್ನು ಹೆಸರು ಹಿಡಿದು ಕರೆದಿದ್ದರು. ಇದನ್ನು ಅವರು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಹೊತ್ತಿನದು. ತಿಂಗಳಿಗೆ ಒಂದೇ ಪಾಠ. ವೆಬ್‌ಸೈಟಿಗೆ ವಾರಕ್ಕೆ ಎಂಟು ಗಂಟೆ: ಶನಿವಾರ ಬೆಳಿಗ್ಗೆ ಐದು, ಬುಧವಾರ ಮಧ್ಯಾಹ್ನ ಮೂರು. ಕಾಮೆಂಟಿಗೆ ಉತ್ತರ ಬುಧವಾರ ಮಾತ್ರ, ಅದೂ ಬರಹದಲ್ಲಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದರ ಉತ್ತರ ಪಾಠದ ಪುಟಕ್ಕೇ ಸೇರಬೇಕು. ಪುಟದ ಮೇಲೆ ‘ಪ್ರಶ್ನೆಗಳಿಗೆ ಬುಧವಾರ ಉತ್ತರಿಸುತ್ತೇನೆ’ ಎಂದು ಹಾಕಿಸಿದೆ. ಓದುಗರು ಕೋಪಿಸಿಕೊಳ್ಳುತ್ತಾರೆ ಎಂದು ಹೆದರಿದ್ದರು, ಯಾರೂ ಕೋಪಿಸಿಕೊಳ್ಳಲಿಲ್ಲ. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಅಂಗಡಿಗಳ ಜಾಹೀರಾತಿನ ಸುಗ್ಗಿ. ಆ ದಿನಗಳಲ್ಲಿ ಹೊಸ ಪಾಠವೇ ಇಲ್ಲವೆಂದು ಮೊದಲೇ ಪ್ರಕಟಿಸುವುದು.

ಎರಡನೆಯದು ಯಾವ ಪಾಠ ಮಾಡಬೇಕು ಎಂಬುದು. ಸಾಫ್ಟ್‌ವೇರ್ ಪಾಠಕ್ಕೆ ಆಯಸ್ಸಿದೆ. 2018ರ ಅಕ್ಟೋಬರಿನಲ್ಲಿ ಆಫ್ಟರ್ ಎಫೆಕ್ಟ್ಸ್‌ಗೆ ಎಕ್ಸ್‌ಪ್ರೆಷನ್ ನಡೆಸುವ ಹೊಸ ಜಾವಾಸ್ಕ್ರಿಪ್ಟ್ ಎಂಜಿನ್ ಬಂದಾಗ ಹಳೆಯ ಕೆಲವು ಎಕ್ಸ್‌ಪ್ರೆಷನ್‌ಗಳು ದೋಷ ತೋರಿಸತೊಡಗಿದವು. 2019ರ ಜುಲೈಯಲ್ಲಿ 3ಡಿ ಆನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್‌ನ 2.80 ಆವೃತ್ತಿ ಬಂದು ಪರದೆಯ ರೂಪವೇ ಬದಲಾಯಿತು, ಅದಕ್ಕೂ ಹಿಂದಿನ ಪಾಠ ಹಿಡಿದವರು ಬಟನ್ ಹುಡುಕುತ್ತ ಕೂತರು. ಇವರ ಅತಿ ಜನಪ್ರಿಯ ಪಾಠಕ್ಕೂ ಅದೇ ಗತಿ. ಹಿಂದೆ ಕನ್ನಡದ ಒತ್ತಕ್ಷರ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮುರಿದು ಬೀಳುತ್ತಿತ್ತು. ‘ಕ್ಕ’ ಬರೆದರೆ ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ ಬರೆದು, ಔಟ್‌ಲೈನ್ ಮಾಡಿ (ಅಕ್ಷರವನ್ನು ಬರೀ ಆಕಾರವಾಗಿಸಿ), ತಂದು ಶೇಪ್ ಲೇಯರ್ ಮಾಡಿಕೊಳ್ಳುವ ಸುತ್ತುದಾರಿಯನ್ನು ಇವರು ಕಲಿಸಿದ್ದರು. ಭಾರತೀಯ ಲಿಪಿಗಳನ್ನು ಸರಿಯಾಗಿ ಕೂರಿಸುವ ಟೆಕ್ಸ್ಟ್ ಎಂಜಿನ್ ಬಂದ ಮೇಲೆ ಬರೀ ಬರೆಯಲು ಅಷ್ಟು ಸುತ್ತು ಬೇಕಿಲ್ಲ. ಪುಟ ಮಾತ್ರ ಹಾಗೇ ಇತ್ತು, ಅದರಿಂದಲೇ ತಿಂಗಳಿಗೆ ಹತ್ತಾರು ಪ್ರಶ್ನೆ.

ಹಾಗಾಗಿ 58 ಪಾಠಗಳನ್ನೂ ಕೂತು ನೋಡಲು ಹೇಳಿದೆ. ಗ್ರಾಫ್ ಎಡಿಟರಿನಲ್ಲಿ ವೇಗ ತಿದ್ದುವುದು, ಕೀಫ್ರೇಮ್‌ಗಳ ನಡುವಿನ ಅಂತರ, ನಲ್ ಲೇಯರಿಗೆ ಪೇರೆಂಟ್ ಮಾಡುವುದು, ಪ್ರಿಕಾಂಪ್ ಶಿಸ್ತು: ಚಲನೆ ಕೂರಿಸುವ ಈ ಮೂಲ ತಂತ್ರಗಳು ವರ್ಷಗಟ್ಟಲೆ ಬಾಳುತ್ತವೆ. ‘ಈ ಮೆನು ಒತ್ತಿ, ಆ ಬಟನ್ ಒತ್ತಿ’ ಬಗೆಯವು ಬಾಳುವುದಿಲ್ಲ. ಹತ್ತೊಂಬತ್ತನ್ನು ತೆಗೆದರು. ಉಳಿದ ಪ್ರತಿ ಪುಟದ ತಲೆಗೆ ಆವೃತ್ತಿ, ತಿಂಗಳು, ವರ್ಷ ಬರೆದರು. ಬುಧವಾರದ ಪ್ರಶ್ನೆಗಳು ಅರ್ಧಕ್ಕೆ ಇಳಿದವು.

ಮೂರನೆಯದರಲ್ಲಿ ಸ್ವಲ್ಪ ಗದರಿಸಿದೆ. ಹೊತ್ತು ಉಳಿಸಲು ಕ್ಲೈಂಟಿನ ಪ್ರಾಜೆಕ್ಟ್ ಫೈಲನ್ನೇ ಬಣ್ಣ ಬದಲಿಸಿ ಪಾಠ ಮಾಡುತ್ತಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಮಾಡಿಸಿಕೊಂಡ ಚಲನಚಿತ್ರ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿಕೊಂಡವರೇ ಮೊದಲ ಮಾಲೀಕರು. ತಂತ್ರ ನಿಮ್ಮದು, ಅದನ್ನು ಕಲಿಸಿ, ಚಿತ್ರಗಳನ್ನು ಹೊಸದಾಗಿ ಮಾಡಿಕೊಳ್ಳಿ ಎಂದೆ. ಡೌನ್‌ಲೋಡಿಗೆ ಇಡುವಾಗ ಕಲೆಕ್ಟ್ ಫೈಲ್ಸ್ (ಪ್ರಾಜೆಕ್ಟಿನ ಫೈಲುಗಳನ್ನು ಒಂದೆಡೆ ಸೇರಿಸುವ ಆಜ್ಞೆ) ಕೊಟ್ಟರೆ ಬಳಸಿದ ಫಾಂಟ್, ಎಫೆಕ್ಟ್‌ಗಳ ಪಟ್ಟಿ ಸಿಗುತ್ತದೆ. ಅದನ್ನು ಓದಿ, ಕಾಸು ಕೊಟ್ಟು ತಂದ ಫಾಂಟು, ಸ್ಟಾಕ್ ತುಣುಕು, ಸಂಗೀತ ಒಳಗೆ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಮುಕ್ತ ಪರವಾನಗಿಯ ಫಾಂಟುಗಳು. ಪಾಠಕ್ಕೆ ಇವು ಧಾರಾಳ ಸಾಕು.

ನಾಲ್ಕನೆಯದು ಕ್ಲೈಂಟುಗಳದು. ಹಗಲಿನ ಗೌರವ ಅಲ್ಲಿಂದಲೇ ಬರಬೇಕಲ್ಲವೆ? ಅರ್ಧ ದುಡ್ಡು ಮುಂಗಡ. ಎರಡು ಸಲದ ಕರೆಕ್ಷನ್ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ದರವೆಂದು ಕೊಟೇಷನ್ನಿನಲ್ಲೇ ಬರೆಯುವುದು. ಡೆಲಿವರಿ ದಿನವೇ ಬಿಲ್ಲು. ಸರ್ಕಾರದ ಉದ್ಯಮ್ ಪೋರ್ಟಲ್ಲಿನಲ್ಲಿ ನೋಂದಣಿ ಉಚಿತ. ನೋಂದಾಯಿಸಿದ ಕಿರು ಘಟಕಕ್ಕೆ, 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿಸಿ ಹಣ ತಡೆಯುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಮತ್ತು ಈ ಒಂದು ಸಾಲು ಇದ್ದರೆ ಸಾಕು, ಜಗಳ ಬೇಡ.

ಕೊನೆಯದು ಹೆಂಡತಿಯ ಪ್ರಶ್ನೆ. ರೆಂಡರ್ ಮುಂದೆ ಯಾಕೆ ಕೂರುತ್ತೀರಿ ಎಂದು ನಾನೂ ಕೇಳಿದೆ. ಒಮ್ಮೆ ಕೊನೆಯ ಹಂತದಲ್ಲಿ ಕಂಪ್ಯೂಟರ್ ಕೈಕೊಟ್ಟು ಇಡೀ ರಾತ್ರಿಯ ವಿಡಿಯೊ ಫೈಲ್ ಹಾಳಾಗಿತ್ತಂತೆ, ಅಂದಿನಿಂದ ಕಾವಲು. ವಿಡಿಯೊ ಬದಲು ಪಿಎನ್‌ಜಿ ಸೀಕ್ವೆನ್ಸ್ ಆಗಿ ತೆಗೆದರೆ ಮೂವತ್ತು ಸೆಕೆಂಡಿಗೆ, ಸೆಕೆಂಡಿಗೆ 25ರಂತೆ, 750 ಬಿಡಿ ಚಿತ್ರಗಳಾಗುತ್ತವೆ. 600ರಲ್ಲಿ ನಿಂತರೆ ಮೊದಲ 600 ಉಳಿದಿರುತ್ತವೆ. ರೆಂಡರ್ ಸೆಟ್ಟಿಂಗ್‌ನಲ್ಲಿ ‘ಸ್ಕಿಪ್ ಎಕ್ಸಿಸ್ಟಿಂಗ್ ಫೈಲ್ಸ್’ ಗುರುತು ಹಾಕಿದ್ದರೆ ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ. ಮಲಗುವ ಮುನ್ನ ಅತಿ ಭಾರವಾದ ಮೂರು ಸೆಕೆಂಡನ್ನು ಪೂರ್ಣ ಗಾತ್ರದಲ್ಲಿ ತೆಗೆದು ನೋಡಿದರೆ, ಡಿಸ್ಕಿನಲ್ಲಿ ಜಾಗ ಇದೆಯೆಂದು ಖಾತ್ರಿ ಮಾಡಿಕೊಂಡರೆ, ಕಾವಲು ಬೇಕಿಲ್ಲ. ಇದು ನನಗೆ ಗೊತ್ತಾದದ್ದು ಅವರ ವೆಬ್‌ಸೈಟಿನ ಹದಿನಾಲ್ಕನೆಯ ಪಾಠದಿಂದ. ಆಮೇಲೆ ಜೋಡಿಸಿ ವಿಡಿಯೊ ಮಾಡುವ ಇನ್ನೊಂದು ಹೆಜ್ಜೆಗೆ ಬೇಸರಪಟ್ಟು ಸ್ವತಃ ಅವರೇ ಮಾಡುತ್ತಿರಲಿಲ್ಲ. ಅವತ್ತು ಸಂಜೆ ಮನೆಗೆ ಹೋಗಿ ಮೂರು ಸೆಕೆಂಡು ಪರೀಕ್ಷೆ ಮಾಡಿ, ಸೀಕ್ವೆನ್ಸ್ ಹಾಕಿ, ಊಟಕ್ಕೆ ಎದ್ದರಂತೆ.

ನಾಲ್ಕು ತಿಂಗಳ ನಂತರ ಬಂದಾಗ ನೋಟ್‌ಬುಕ್ಕಿನಲ್ಲಿ ರಾತ್ರಿ ಹನ್ನೆರಡರ ಮೇಲೆ ವಾರಕ್ಕೆ ಒಂದೆರಡು ಸಾಲು ಮಾತ್ರ ಇದ್ದವು. ಬುಧವಾರಗಳು ಮೂರು ಸಲ ತಪ್ಪಿದ್ದವು. ಹಳೆಯ ಕ್ಲೈಂಟಿನ ಬಿಲ್ಲಿನಲ್ಲಿ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ‘ದಯವಿಟ್ಟು ಹೀಗೆ ಬರೆಯಿರಿ’ ಎಂದು ಕೇಳಿದ್ದರು. ಮೊದಲ ಮೇಲ್‌ನಲ್ಲಿ ಸರಿಯಾಗಿ ಬಂತು, ಎರಡನೆಯದರಲ್ಲಿ ಮತ್ತೆ ತಪ್ಪು. ತಿದ್ದಿ ಇನ್ನೊಮ್ಮೆ ಕಳಿಸಿದ್ದೇನೆ ಎಂದರು.