‘ತಾನಾಗಿಯೇ’ ಅನ್ನುವ ಪದ ತೆಗೆಯಿರಿ

ನಮಸ್ಕಾರ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು, ಅಂದರೆ ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಪಾಸ್‌ವರ್ಡ್‌ನಂಥ ಸೆಟ್ಟಿಂಗ್‌ಗಳನ್ನು, ಫೈಲಿನಿಂದ ಓದಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬರವಣಿಗೆ ತಿಳಿಯಾಗಿದೆ, ಉದಾಹರಣೆಗಳೂ ಚಿಕ್ಕವು. ಆದರೆ ಎರಡನೇ ಪ್ಯಾರಾ ನನಗೆ ನುಂಗಲಾಗಲಿಲ್ಲ. ಅದರ ಬಗ್ಗೆಯೇ ಬರೆಯುತ್ತೇನೆ.

ಈ ಸೆಟ್ಟಿಂಗ್‌ಗಳನ್ನು ಬರೆದಿಡುವ .ಎನ್ವ್ ಫೈಲಿನ ಬಗ್ಗೆ ನೀವು ಹೇಳಿದ್ದು: ‘ಶುರುವಾದಾಗ ಪ್ರೋಗ್ರಾಂ .ಎನ್ವ್ ಫೈಲನ್ನು ತಾನಾಗಿಯೇ ಓದಿಕೊಳ್ಳುತ್ತದೆ.’ ಇಲ್ಲ. ಅಂಥದ್ದೊಂದು ಫೈಲ್ ಇದೆ ಅನ್ನುವುದೇ ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತಿಲ್ಲ. ಯಾರಾದರೂ ಓದಿಸಬೇಕು. ಪೈಥಾನ್‌ನಲ್ಲಾಗಲಿ ನೋಡ್‌ನಲ್ಲಾಗಲಿ ಆ ಫೈಲ್ ಓದುವ ಡಾಟ್‌ಎನ್ವ್ ಲೈಬ್ರರಿಯನ್ನು ನೀವೇ ಕರೆಯಬೇಕು. ನೋಡ್ 20.6ರಲ್ಲಿ ಲೈಬ್ರರಿ ಇಲ್ಲದೆಯೇ ಫೈಲ್ ಓದಿಸುವ ಎನ್ವ್-ಫೈಲ್ ಆಯ್ಕೆ ಬಂತು, ಅದನ್ನೂ ನೀವೇ ಕೊಡಬೇಕು. ಲೈಬ್ರರಿ ಕರೆಯುವುದಾದರೆ, ಡೇಟಾಬೇಸ್ ವಿಳಾಸ ಓದುವ ಮಾಡ್ಯೂಲ್ ಇಂಪೋರ್ಟ್ ಆಗುವ ಮೊದಲೇ ಕರೆಯಬೇಕು. ಒಂದು ಸಾಲು ತಡವಾದರೂ ಅದಕ್ಕೆ ಸಿಗುವುದು ಖಾಲಿ.

‘ಫೈಲಿನಲ್ಲಿ ವ್ಯಾಲ್ಯೂ ಬದಲಿಸಿದರೆ ಸಾಕು.’ ಸಾಕಾಗುವುದಿಲ್ಲ. ಓಡುತ್ತಿರುವ ಪ್ರೋಗ್ರಾಂ ಅನ್ನು ಮತ್ತೆ ಶುರು ಮಾಡಬೇಕು. ಅದೇ ಹೆಸರು ಶೆಲ್‌ನಲ್ಲಿ (ಟರ್ಮಿನಲ್‌ನಲ್ಲಿ ಆಜ್ಞೆ ಹೊಡೆಯುವ ಜಾಗ) ಮೊದಲೇ ಎಕ್ಸ್‌ಪೋರ್ಟ್ ಆಗಿದ್ದರೆ, ಅಂದರೆ ಅಲ್ಲಿಂದ ಶುರುವಾಗುವ ಪ್ರೋಗ್ರಾಂಗಳಿಗೆ ಸಿಗುವಂತೆ ಇಟ್ಟಿದ್ದರೆ, ಫೈಲಿನದ್ದು ಲೆಕ್ಕಕ್ಕೇ ಇಲ್ಲ. ನೀವು ಓವರ್‌ರೈಡ್ (ಫೈಲಿನದ್ದೇ ನಡೆಯಲಿ) ಅಂತ ಬಿಡಿಸಿ ಹೇಳದಿದ್ದರೆ ಈ ಲೈಬ್ರರಿಗಳು ಹೊರಗಿನದ್ದನ್ನೇ ಉಳಿಸಿಕೊಳ್ಳುತ್ತವೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಸರ್ವರ್‌ನಲ್ಲಿ ಕೊಟ್ಟ ಸೆಟ್ಟಿಂಗನ್ನು ಯಾರೋ ಮರೆತು ಬಿಟ್ಟುಹೋದ ಫೈಲ್ ಅಳಿಸಿಹಾಕಬಾರದು ಅಲ್ವಾ?

ನಾನು ಕೆಲಸ ಕಲಿಯುತ್ತಿದ್ದಾಗ ಎರಡು ದಿನ ಫೈಲಿನಲ್ಲಿ ಪಾಸ್‌ವರ್ಡ್ ತಿದ್ದುತ್ತಲೇ ಇದ್ದೆ. ಸ್ಪೇಸ್ ಜಾಸ್ತಿ ಆಯಿತಾ, ಕೋಟ್ ಬಿಟ್ಟುಹೋಯಿತಾ ಅಂತ ತಲೆ ಕೆಡಿಸಿಕೊಂಡೆ. ಪಕ್ಕದಲ್ಲಿದ್ದ ಹಿರಿಯರು ಬಂದು ಟರ್ಮಿನಲ್‌ನಲ್ಲಿ ‘ಪ್ರಿಂಟ್‌ಎನ್ವ್’ ಅಂತ ಹೊಡೆದರು; ಶೆಲ್‌ನಲ್ಲಿರುವ ವೇರಿಯಬಲ್‌ಗಳನ್ನು ತೋರಿಸುವ ಆಜ್ಞೆ ಅದು. ನಾನೇ ಹಿಂದಿನ ದಿನ ಎಕ್ಸ್‌ಪೋರ್ಟ್ ಮಾಡಿದ್ದ ಹಳೇ ಪಾಸ್‌ವರ್ಡ್ ಅಲ್ಲಿತ್ತು. ಅವರು ಬೈಯಲಿಲ್ಲ. ‘ಫೈಲ್ ಬಿಡು, ಪ್ರೋಗ್ರಾಂ ಕಣ್ಣಿಗೆ ಏನು ಕಾಣ್ತಿದೆ ಅದನ್ನ ನೋಡು’ ಅಂದರು. ಆ ಮಾತು ಇವತ್ತಿಗೂ ನನ್ನ ಕೈಹಿಡಿಯುತ್ತದೆ.

ಇನ್ನೊಂದು ಸಾಲಿಗೆ ನಿಜಕ್ಕೂ ಸಿಟ್ಟು ಬಂತು: ‘ಫೈಲ್ ತಪ್ಪಿ ಗಿಟ್‌ಗೆ ಹೋದರೆ ಅಳಿಸಿ ಮತ್ತೆ ಕಮಿಟ್ ಮಾಡಿ.’ ಗಿಟ್ ಕೋಡಿನ ಪ್ರತಿ ಬದಲಾವಣೆಯನ್ನೂ ಕಮಿಟ್ ಅನ್ನುವ ದಾಖಲೆಯಾಗಿ ಇಟ್ಟುಕೊಳ್ಳುತ್ತದೆ. ಹಳೇ ಕಮಿಟ್‌ನಲ್ಲಿ ನಿಮ್ಮ ಗುಟ್ಟಿನ ಕೀ ಹಾಗೇ ಕೂತಿರುತ್ತದೆ! ಮೊದಲು ಆ ಕೀ ರದ್ದು ಮಾಡಿ ಹೊಸದು ಪಡೆಯಬೇಕು. ನಿಮ್ಮನ್ನು ನಂಬಿ ಓದುವವರು ಹೊಸಬರು.

ಈ ಮೂರು ಸಾಲು ತಿದ್ದಿ ಮತ್ತೆ ಕಳಿಸಿ. ಅದಕ್ಕೂ ಮುಂಚೆ ಶೆಲ್‌ನಲ್ಲಿ ಒಂದು ವ್ಯಾಲ್ಯೂ, ಫೈಲಿನಲ್ಲಿ ಇನ್ನೊಂದು ಇಟ್ಟು ಓಡಿಸಿ ನೋಡಿ. ತೆರೆಯ ಮೇಲೆ ಬಂದದ್ದನ್ನು ಹಾಗೇ ಲೇಖನಕ್ಕೆ ಸೇರಿಸಿ.